ಶಾರ್ಕಿನ ಹಿಂದೆ ಈಜಬೇಡಿ, ಬಾಲ ಮಾತ್ರ ಸಿಗುತ್ತೆ

ನಮ್ಮ ಗುಂಪಿನಲ್ಲಿ ತೀರ್ಥಹಳ್ಳಿಯವರೊಬ್ಬರು ನಿನ್ನೆ ಹಾಕಿದ ನೇತ್ರಾಣಿ (ಮುರುಡೇಶ್ವರದ ಹತ್ತಿರದ ದ್ವೀಪ) ಡೈವ್ ಕ್ಲಿಪ್ ಮೂರು ಸಲ ನೋಡಿದೆ. ಬಲಗಡೆಯಿಂದ ಬ್ಲ್ಯಾಕ್‌ಟಿಪ್ ಶಾರ್ಕ್ ಬರುತ್ತೆ, ಇವರು ಕಾಲು ಬಡಿದು ಅದರತ್ತ ನುಗ್ತಾರೆ, ಅದು ಸರಕ್ಕನೆ ತಿರುಗುತ್ತೆ, ಆಮೇಲೆ ಅರ್ಧ ನಿಮಿಷ ಬರೀ ಬಾಲ. ಕೆಳಗೆ ಕೇಳಿದ್ದಾರೆ: ಫೆಬ್ರವರಿಗೆ ಮಾಲ್ಡೀವ್ಸ್‌ನ ಫುವಮುಲಾಕ್ಕೆ ಹೋಗಿ ನಡುಗಡಲ ಶಾರ್ಕ್‌ಗಳ ಮೇಲೆ ಡಾಕ್ಯುಮೆಂಟರಿ ಮಾಡಬೇಕು, ಯಾವ ಝೂಮ್, ಎಷ್ಟು ಲ್ಯೂಮೆನ್ ಲೈಟ್ ತಗೊಳ್ಳಲಿ ಅಂತ. ಎರಡೂ ಬೇಡ ಮಾರಾಯ್ರೆ. ನಾನೂ ಇದೇ ತಪ್ಪು ಮಾಡಿ ಒಂದಿಡೀ ಡೈವ್ ಕಳಕೊಂಡವನು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

2018ರ ಮಾರ್ಚ್, ಮಾಲ್ಡೀವ್ಸ್‌ನಲ್ಲೇ. ಹವಳದ ಬಂಡೆ ಬಿಟ್ಟು ಹೊರಗಿನ ತೆರೆದ ನೀಲಿ ನೀರಿನಲ್ಲಿ ಡೈವ್. 12 ಮೀಟರ್‌ನಲ್ಲೇ ಇರಬೇಕು ಅಂತ ದೋಣಿಯಲ್ಲಿ ಮಾತಾಗಿತ್ತು. ಒಂದು ಸಿಲ್ಕಿ ಶಾರ್ಕ್ ಬಂತು. ನಾನು ಕಣ್ಣು ಸ್ಕ್ರೀನಿಗೆ ಅಂಟಿಸಿ ಅದರ ಹಿಂದೆ ಹೊರಟೆ. ನೀಲಿಯಲ್ಲಿ ತಳ ಇಲ್ಲ, ಗೋಡೆ ಇಲ್ಲ, ಇಳೀತಿದ್ದೀವಾ ಏರ್ತಿದ್ದೀವಾ ಅಂತ ಹೇಳೋಕೆ ನಮ್ಮದೇ ಗುಳ್ಳೆ ಬಿಟ್ಟರೆ ಏನೂ ಇಲ್ಲ. ಬಲಗಾಲಿನ ಫಿನ್ ಯಾರೋ ಜಗ್ಗಿದರು. ತಿರುಗಿದರೆ ಗೈಡ್, ಆಳ ತೋರಿಸೋ ತನ್ನ ಡೈವ್ ಕಂಪ್ಯೂಟರ್ ನನ್ನ ಮಾಸ್ಕಿಗೆ ತಾಗೋ ಹಾಗೆ ಹಿಡಿದಿದ್ದಾನೆ: 27 ಮೀಟರ್. ನನ್ನ ಹತ್ತಿರ ಇದ್ದದ್ದು ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್, ಅದರ ಮಿತಿ 18 ಮೀಟರ್. 200 ಬಾರ್‌ನಿಂದ ಶುರು ಮಾಡಿದ ಸಿಲಿಂಡರಿನ ಗಾಳಿಯೊತ್ತಡ ಹದಿನಾಲ್ಕನೇ ನಿಮಿಷಕ್ಕೆ 70ಕ್ಕೆ ಬಂದಿತ್ತು. ಉಳಿದವರು ಆರಾಮಾಗಿ ತೇಲ್ತಾ ಇದ್ದರು, ನಾನು ಅವರ ಡೈವನ್ನೂ ಅರ್ಧಕ್ಕೆ ಮುಗಿಸಿದೆ. ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ನಲವತ್ತು ಸೆಕೆಂಡ್ ಬಾಲ, ಅದೂ ಬೂದಿ ಬಣ್ಣದಲ್ಲಿ.

ಮಾರನೇ ದಿನ ಗೈಡ್ ಹೇಳಿದ ಹಾಗೆ ಮಾಡಿದೆ. ಇವತ್ತಿಗೂ ಅದೇ ಮಾಡೋದು. ಇಳಿದ ಮೇಲೆ ಆಳ ಹಿಡಿದು ಸುಮ್ಮನೆ ನಿಲ್ಲಿ. ಮೊಣಕೈ ಎದೆಗೆ ಒತ್ತಿ ಕ್ಯಾಮೆರಾ ಹೊಟ್ಟೆ ಹತ್ತಿರ ಇಟ್ಟುಕೊಳ್ಳಿ, ಮುಂದಕ್ಕೆ ಚಾಚಬೇಡಿ. ಉಸಿರು ನಿಧಾನ. ಮನಸ್ಸಿನಲ್ಲೇ ಮುನ್ನೂರು ಎಣಿಸಿ. ಶಾರ್ಕ್ ದೂರದಲ್ಲಿ ಒಂದು ಸುತ್ತು ಹಾಕುತ್ತೆ, ಎರಡನೇ ಸುತ್ತಿಗೆ ಇನ್ನಷ್ಟು ಹತ್ತಿರ. ಆಗ ಅದರ ಕಡೆ ನೇರ ತಿರುಗದೆ ಅರ್ಧ ಓರೆಯಾಗಿ ನಿಂತರೆ ಪಕ್ಕದಿಂದಲೇ ದಾಟಿ ಹೋಗುತ್ತೆ. ಕಣ್ಣು, ಕಿವಿರು, ಪಕ್ಕೆ ಎಲ್ಲ ಫ್ರೇಮಿನಲ್ಲಿ ತಾನಾಗೇ ಬರುತ್ತೆ. ದಾಟಿ ಹೋದ ಮೇಲೂ ಹತ್ತು ಸೆಕೆಂಡ್ ಕೈ ಅಲ್ಲಾಡಿಸಬೇಡಿ, ಎಡಿಟಿಂಗಿನಲ್ಲಿ ಆ ಖಾಲಿ ನೀರೇ ಬೇಕಾಗೋದು.

ನಂಬಿಕೆ ಬರದಿದ್ದರೆ ಶೃಂಗೇರಿಗೆ ಹೋಗಿ ತುಂಗೆಯ ಮೆಟ್ಟಿಲಲ್ಲಿ ನಿಲ್ಲಿ. ದಡಬಡ ಇಳಿದರೆ ದೇವರ ಮೀನು ಚದುರುತ್ತೆ, ಹತ್ತು ನಿಮಿಷ ಕದಲದೆ ನಿಂತರೆ ಕಾಲ ಬುಡಕ್ಕೇ ಬರುತ್ತೆ. ನಾನು ಶಾಟ್ ಹಿಡಿಯೋ ತಾಳ್ಮೆ ಕಲಿತದ್ದು ಅಲ್ಲೇ, ಫೋನಿನಲ್ಲಿ, ಮೆಟ್ಟಿಲ ಮೇಲಿಂದ. ಮೇಲಿಂದ ಅಂತ ಒತ್ತಿ ಹೇಳ್ತಿದ್ದೀನಿ. ಹೋದ ವರ್ಷ ಇದೇ ಗುಂಪಿನಲ್ಲಿ ಒಬ್ಬರು ಚಿಬ್ಬಲಗುಡ್ಡೆಯಲ್ಲಿ ಕೋಲಿಗೆ ಗೋಪ್ರೋ ಕಟ್ಟಿ ಮೀನಿನ ಮಧ್ಯೆ ತಿರುವಿದ ವಿಡಿಯೋ ಹಾಕಿದ್ದರು. ಅದು ಮತ್ಸ್ಯಧಾಮ. ದಯವಿಟ್ಟು ಹಾಗೆ ಮಾಡಬೇಡಿ.

ಸುಮ್ಮನೆ ನಿಲ್ಲೋದು ಎಲ್ಲ ಶಾರ್ಕಿಗೂ ಒಂದೇ ಥರ ಅಲ್ಲ. ಓಷಿಯಾನಿಕ್ ವೈಟ್‌ಟಿಪ್ ತಾನಾಗೇ ಮೈಮೇಲೆ ಬರೋ ಹಾಗೆ ಬರುತ್ತೆ, ಅದಕ್ಕೆ ಬೆನ್ನು ಹಾಕಬಾರದು, ಕಣ್ಣು ತೆಗೀಬಾರದು. ಟೈಗರ್ ಶಾರ್ಕಿಗೆ ಮೈ ನೆಟ್ಟಗೆ ಇಟ್ಟು ಮುಖಾಮುಖಿ ಇರಬೇಕು, ನೀವು ಶೂಟ್ ಮಾಡುವಾಗ ಬೆನ್ನ ಹಿಂದೆ ನೋಡೋಕೆ ಇನ್ನೊಬ್ಬರು ಬೇಕೇ ಬೇಕು. ಕೆಲವು ಸಲ ಮೂತಿಯಿಂದ ಹೌಸಿಂಗಿಗೆ (ಕ್ಯಾಮೆರಾ ಇಡೋ, ನೀರು ಹೋಗದ ಪೆಟ್ಟಿಗೆ) ಗುದ್ದುತ್ತೆ. ಮೂತಿಯಲ್ಲಿ ವಿದ್ಯುತ್ ಗ್ರಹಿಸುವ ಸಣ್ಣ ರಂಧ್ರಗಳಿವೆ, ಉಪ್ಪುನೀರಲ್ಲಿ ಲೋಹ ಇದ್ದರೆ ಅದಕ್ಕೆ ಗೊತ್ತಾಗುತ್ತೆ. ಗಾಬರಿಯಾಗಿ ಕೈ ಬೀಸಬೇಡಿ. ಇನ್ನೊಂದು ವಿಷಯ: ಫುವಮುಲಾ ಬಂದರಿನ ಬಾಯಿಗೆ ಟೈಗರ್ ಶಾರ್ಕ್ ಬರೋದು ಮೀನಿನ ತಲೆ, ಕಸ ಬೀಳುತ್ತೆ ಅಂತ. ಅದನ್ನು ತೆಗೆದು ‘ನಡುಗಡಲು’ ಅಂತ ತೋರಿಸಿದರೆ ನೋಡೋರಿಗೆ ಮೋಸ. ಬಂದರು ಅಂತಲೇ ಹೇಳಿ, ಅದೂ ಒಳ್ಳೆ ಕಥೆಯೇ.

ಝೂಮ್ ಯಾಕೆ ಬೇಡ ಅಂದರೆ, ನಿಮ್ಮ ಶತ್ರು ದೂರ ಅಲ್ಲ, ಮಧ್ಯೆ ಇರುವ ನೀರು. ಮೊದಲು ಹೋಗೋದು ಕೆಂಪು, ಐದಾರು ಮೀಟರ್‌ಗೆ ಬಹುಪಾಲು ಮುಗೀತು. ಎಲ್ಲರೂ ಮರೆಯೋದು ಅಡ್ಡ ದೂರವೂ ಲೆಕ್ಕಕ್ಕೆ ಬರುತ್ತೆ ಅನ್ನೋದು. ನೀವು 5 ಮೀಟರ್ ಆಳದಲ್ಲಿ, ಶಾರ್ಕ್ 4 ಮೀಟರ್ ಆಚೆ ಅಂದರೆ ಬೆಳಕು 9 ಮೀಟರ್ ನೀರು ದಾಟಿ ಬಂದ ಹಾಗಾಯ್ತು. ವೈಡ್ ಲೆನ್ಸ್, ಅದರ ಮುಂದೆ ಡೋಮ್ ಪೋರ್ಟ್ (ಹೌಸಿಂಗಿನ ಗುಮ್ಮಟದಂಥ ಕಿಟಕಿ), ಶಾರ್ಕ್ ತಾನಾಗಿ ಒಂದೂವರೆ ಎರಡು ಮೀಟರ್‌ಗೆ ಬರೋವರೆಗೆ ಕಾಯೋದು, ಇಷ್ಟೇ. ಫ್ಲ್ಯಾಟ್ ಪೋರ್ಟಿನಲ್ಲಿ (ಚಪ್ಪಟೆ ಕಿಟಕಿ) ಎಲ್ಲ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತೆ, ವೈಡ್ ಲೆನ್ಸ್ ಹಾಕಿದ್ದೇ ದಂಡ. ಲೈಟಿನ ಮಾತು: ಆಗುಂಬೆ ಘಾಟಿಯಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಎಂತ ಕಾಣುತ್ತೆ? ಬಿಳಿ ಗೋಡೆ. ನೀರಿನ ಕಣಗಳೂ ಹಾಗೇ. ಬಿಸಿಲು ಜೋರಿರುವಾಗ, ಸೂರ್ಯನನ್ನು ಬೆನ್ನಿಗಿಟ್ಟು ತೆಗೀರಿ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಕ್ಯಾಮೆರಾದ ಬಣ್ಣ ಹೊಂದಿಸೋದು) ಆಳ ಬದಲಾದ ಹಾಗೆಲ್ಲ ಬಿಳಿ ಸ್ಲೇಟಿಗೆ ಮತ್ತೆ ಮಾಡಿ. ಹಾಳೆ ತಟ್ಟೆ ಒಯ್ಯಬೇಡಿ, ಅದರ ಹಳದಿಗೆ ಸರಿಮಾಡೋಕೆ ಹೋಗಿ ಕ್ಯಾಮೆರಾ ಇನ್ನಷ್ಟು ನೀಲಿ ಮಾಡುತ್ತೆ. ನೀಲಿ ನೀರಿಗೆ ಕೆಂಪು ಫಿಲ್ಟರ್, ನೇತ್ರಾಣಿಯ ಹಸಿರು ನೀರಿಗೆ ಮೆಜೆಂಟಾ. ಲೈಟ್ ಹಾಕಿದರೆ ಫಿಲ್ಟರ್ ತೆಗೀರಿ.

ಇನ್ನು ಬ್ರ್ಯಾಂಡಿನ ಮಾತು. ಒಲಿಂಪಸ್ ಟಿಜಿ ಸಣ್ಣ ಜೀವಿಗಳ ಮ್ಯಾಕ್ರೋಗೆ ಚಿನ್ನ, ಶಾರ್ಕಿಗೆ ಬೇಡ. ಗೋಪ್ರೋ ಎರಡು ಮೀಟರ್ ಒಳಗೆ, ಒಳ್ಳೆ ಬಿಸಿಲಿದ್ದರೆ ಸಾಕು. ಹೌಸಿಂಗಿನಲ್ಲಿ ನಾಟಿಕ್ಯಾಮ್ ಅಲ್ಯೂಮಿನಿಯಂ, ಗಟ್ಟಿ, ಆದರೆ ಬೆಲೆಗೆ ಒಂದು ವರ್ಷದ ಅಡಿಕೆ ಹೋಗುತ್ತೆ. ನನಗೆ ಐಕೆಲೈಟ್ ಹೌಸಿಂಗ್ ಇಷ್ಟ, ಪಾರದರ್ಶಕ ಇರೋದರಿಂದ ಒಳಗೆ ನೀರು ಬಂದರೆ ಕಣ್ಣಿಗೇ ಕಾಣುತ್ತೆ. ಯಾವುದೇ ಆಗಲಿ ಓ ರಿಂಗಿಗೆ (ನೀರು ತಡೆಯೋ ರಬ್ಬರ್ ಬಳೆ) ಆ ಕಂಪನಿ ಕೊಟ್ಟ ಗ್ರೀಸೇ ಹಚ್ಚಿ, ರಿಂಗ್ ಹೊಳೆಯೋಷ್ಟು ಮಾತ್ರ. ಟಾರ್ಚ್ ಹಿಡಿದು ಪೂರ್ತಿ ಸುತ್ತು ನೋಡಿ. ನನ್ನದೊಂದು ಹೌಸಿಂಗ್ ಮುಳುಗಿದ್ದು ಟವೆಲ್ಲಿನ ಒಂದೇ ಒಂದು ಎಳೆಯಿಂದ.

ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ಡೈವ್ ಬಂದ್, ಲೆನ್ಸ್ ಕಪಾಟಿನಲ್ಲಿ ಕೂತಲ್ಲೇ ಬೂಷ್ಟು ಹಿಡಿಯುತ್ತೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಳಗೊಂದು ತೇವಾಂಶದ ಮೀಟರ್, ಶೇಕಡಾ 40ರಿಂದ 50ರ ಮಧ್ಯೆ ಇರಲಿ. ಅಕ್ಕಿಯಲ್ಲಿ ಹೂಳಬೇಡಿ, ತೌಡು ಒಳಗೆ ಹೋಗುತ್ತೆ. ಬಚ್ಚಲೊಲೆ ಹತ್ತಿರ ಒಣಗಿಸೋದಂತೂ ಬೇಡವೇ ಬೇಡ.

ಫುವಮುಲಾದಲ್ಲಿ ಮೂರು ದಿನ ನೀಲಿಗೆ ಇಳಿದು ಒಂದೂ ಕಾಣದಿದ್ದರೆ ಬೇಜಾರು ಮಾಡ್ಕೊಂಡು ಕ್ಯಾಮೆರಾ ಆಫ್ ಮಾಡಬೇಡಿ. 1970ರಿಂದ 2018ರೊಳಗೆ ತೆರೆದ ಸಾಗರದ ಶಾರ್ಕ್ ಮತ್ತು ರೇ ಮೀನುಗಳು ಶೇಕಡಾ 71ರಷ್ಟು ಕುಸಿದಿವೆ, ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ. ಆ ಖಾಲಿ ನೀಲಿಯನ್ನು ಪೂರ್ತಿ ರೆಕಾರ್ಡ್ ಮಾಡಿ, ದೋಣಿಯಲ್ಲಿ ಕಾಯ್ತಾ ಕೂತವರ ಮುಖ ತೆಗೀರಿ. ಬರುವಾಗ ಮಲ್ಪೆ ಬಂದರಿಗೂ ಹೋಗಿ ಬನ್ನಿ, ‘ತಾಟೆ (ಶಾರ್ಕ್) ಮೊದಲು ಎಷ್ಟು ಬರ್ತಿತ್ತು’ ಅಂತ ಹಳೇ ಮೀನುಗಾರರನ್ನು ಕೇಳಿ.

ಕೊನೆಗೆ ಒಂದು, ಇದು ಘಟ್ಟದ ಮೇಲಿನವರಿಗೆ ಮಾತ್ರ. ನೇತ್ರಾಣಿ ಡೈವ್ ಮುಗಿಸಿ ಅವತ್ತೇ ಕೊಲ್ಲೂರು, ನಾಗೋಡಿ ಘಾಟಿ ಹತ್ತಿ ಮನೆಗೆ ಬರೋ ಅಭ್ಯಾಸ ಇದೆಯಲ್ಲ, ಬಿಡಿ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದರೆ ವಿಮಾನ ಹತ್ತೋಕೆ ಕನಿಷ್ಠ 18 ಗಂಟೆ ಕಾಯಿರಿ ಅಂತಾರೆ. ಘಟ್ಟ ವಿಮಾನದಷ್ಟು ಎತ್ತರ ಅಲ್ಲ, ಎಷ್ಟೋ ಸಲ ಏನೂ ಆಗಲ್ಲ, ಆದರೂ ಎತ್ತರ ಎತ್ತರವೇ, ಡೈವಿನಲ್ಲಿ ಸೇರಿದ ಸಾರಜನಕ ಮೈಯಲ್ಲಿ ಉಳಿದಿರುತ್ತೆ, ಮೇಲೆ ಹೋದರೆ ಗುಳ್ಳೆಯಾಗಿ ತೊಂದರೆ ಕೊಡಬಹುದು. ಬೋಧಕರನ್ನು ಕೇಳಿ. ನಾನು ರಾತ್ರಿ ಮುರುಡೇಶ್ವರದಲ್ಲೇ ಉಳೀತೀನಿ. ಹೌಸಿಂಗ್ ಮುಚ್ಚಿದ ಹಾಗೇ ಸಿಹಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಗುಂಡಿಗಳನ್ನೆಲ್ಲ ನೀರೊಳಗೇ ಹತ್ತು ಹತ್ತು ಸಲ ಒತ್ತಿ ಉಪ್ಪು ಬಿಡಿಸಿ, ಬೆಳಿಗ್ಗೆ ಒರೆಸಿ ತೆಗೀತೀನಿ.