ಪೋಕೆಗೇರ್‌ನ ಗಡಿಯಾರ ಸರಿ ಮಾಡಿಕೊಳ್ಳಿ, ಆಮೇಲೆ ಫೋನ್ ನೋಡೋಣ

ನೀವು ಕೇಳಿದ್ದು ಇಷ್ಟು. ದೊಡ್ಡಪ್ಪನ ಮಗ ಅಮೆರಿಕದಿಂದ ತಂದುಕೊಟ್ಟ ಹಳೇ ಪೋಕೆಮಾನ್ ಕ್ರಿಸ್ಟಲ್ ಕಾರ್ಟ್ರಿಡ್ಜ್, ಗೇಮ್ ಬಾಯ್ ಕಲರ್‌ನಲ್ಲಿ ಆಡುತ್ತಿದ್ದೀರಿ, ನಾಲ್ಕು ಬ್ಯಾಡ್ಜ್ ಆಗಿದೆ. ಆಫೀಸು ಮುಗಿದ ಮೇಲೆ ರಾತ್ರಿ ಮಾತ್ರ ಆಡೋದು. ಪೋಕೆಗೇರ್‌ನ (ಆಟದೊಳಗೆ ಗಡಿಯಾರ, ಮ್ಯಾಪ್, ಫೋನ್, ರೇಡಿಯೋ ಎಲ್ಲಾ ಒಂದರಲ್ಲೇ ಇರುವ ಯಂತ್ರ) ಸಮಯ ಒಂದು ಗಂಟೆ ಮುಂದೆ ಓಡುತ್ತಿದೆ. ಅದರ ಫೋನಿನಲ್ಲಿ ನಂಬರ್ ತುಂಬಿಹೋಗಿದೆ, ಯಾರನ್ನು ತೆಗೆಯಬೇಕು ಗೊತ್ತಾಗುತ್ತಿಲ್ಲ. ರೇಡಿಯೋ ಬರೀ ಶೋಕಿಗೆ ಇಟ್ಟಿದ್ದಾರಾ? ಕೊನೆಗೆ, ಬ್ಯಾಟರಿ ಸತ್ತರೆ ಸೇವ್ ಏನಾಗುತ್ತದೆ?

ಮೇಲೆ ಒಬ್ಬರು "ಪೋಕೆಗೇರ್ ಅಂದ್ರೆ ಮ್ಯಾಪ್ ನೋಡೋಕೆ, ಉಳಿದದ್ದೆಲ್ಲ ಸುಮ್ನೆ" ಅಂತ ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಮ್ಯಾಪ್ ಇರುವುದು ನಿಜ, ಚೆರ್ರಿಗ್ರೋವ್ ಸಿಟಿಯ ತಾತ ಊರು ತೋರಿಸಿ ಕೊಟ್ಟ ಕಾರ್ಡ್ ಅದು. ಆದರೆ ಈ ಯಂತ್ರದಲ್ಲಿ ಅಸಲಿ ಕೆಲಸ ಮಾಡುವುದು ಗಡಿಯಾರ. ಫೋನಿನಲ್ಲಿ ಯಾರು ಯಾವಾಗ ಜಗಳಕ್ಕೆ ಕರೆಯುತ್ತಾರೆ, ರೇಡಿಯೋದಲ್ಲಿ ಇವತ್ತು ಯಾವ ಹಾಡು, ಹುಲ್ಲಿನಲ್ಲಿ ಯಾವ ಪೋಕೆಮಾನ್, ಎಲ್ಲಾ ಅದನ್ನು ನೋಡಿಕೊಂಡೇ ನಡೆಯುತ್ತದೆ. 1999ರಲ್ಲಿ ಜಪಾನಿನಲ್ಲಿ ಗೋಲ್ಡ್ ಮತ್ತು ಸಿಲ್ವರ್ ಬಂದಾಗ ಅದಕ್ಕೂ ಮುಂಚಿನ ರೆಡ್, ಬ್ಲೂನಲ್ಲಿ ಇಲ್ಲದ ಹೊಸ ವಿಷಯ ಇದೇ ಆಗಿತ್ತು. ಆಟ ಆಫ್ ಮಾಡಿದರೂ ಒಳಗೆ ಸಮಯ ಓಡುತ್ತಲೇ ಇರುತ್ತದೆ.

ಹಾಗಾಗಿ ಮೊದಲು ಆ ಒಂದು ಗಂಟೆ. ಇದು ಹಾಳಾಗಿರುವುದಲ್ಲ. ಆಟದ ಅಮ್ಮ ಯಾವಾಗಲೋ ಡೇಲೈಟ್ ಸೇವಿಂಗ್ ಟೈಮ್‌ಗೆ ಬದಲಾಯಿಸಬೇಕಾ ಅಂತ ಕೇಳಿದ್ದಾರೆ, ನೀವು ಓದದೆ ಎ ಬಟನ್ ಒತ್ತಿ ಹೌದು ಅಂದಿದ್ದೀರಿ. ಅಮೆರಿಕದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುತ್ತಾರಲ್ವಾ, ಆ ವ್ಯವಸ್ಥೆ. ನಮ್ಮಲ್ಲಿ ಅದಿಲ್ಲ, ಹಾಗಾಗಿ ನಮಗೆ ಅದರ ಗೊಡವೆಯೇ ಬೇಡ. ನ್ಯೂ ಬಾರ್ಕ್ ಟೌನ್‌ಗೆ ಹೋಗಿ ಅಮ್ಮನನ್ನು ಮಾತಾಡಿಸಿ. ದುಡ್ಡಿನ ವಿಷಯವಾ ಅಂತ ಕೇಳುತ್ತಾರೆ, ಅಲ್ಲ ಅನ್ನಿ. ಆಗ ಆ ಪ್ರಶ್ನೆ ಮತ್ತೆ ಬರುತ್ತದೆ, ಹಳೆಯ ಸಮಯಕ್ಕೆ ವಾಪಸ್ ಹಾಕಿಸಿ. ಮಧ್ಯರಾತ್ರಿಯ ಹೊತ್ತಿಗೆ ಮಾತ್ರ ಹೋಗಬೇಡಿ. ಗಂಟೆ ಬದಲಾಯಿಸಿದರೆ ದಿನವೂ ಬದಲಾಗುತ್ತದೆ ಅಂತ ಗೇಮ್ ಒಪ್ಪುವುದಿಲ್ಲ, ಅಮ್ಮ "ಪೋಕೆಗೇರ್ ಜೊತೆ ಬಂದ ಪುಸ್ತಕ ಎಲ್ಲೋ ಕಳೆದುಹೋಗಿದೆ, ಸ್ವಲ್ಪ ಹೊತ್ತು ಬಿಟ್ಟು ಬಾ" ಅಂತ ಸಾಗಹಾಕುತ್ತಾರೆ. ಎಷ್ಟು ಮಜವಾದ ನೆಪ ನೋಡಿ.

ಸಮಯ ಒಂದು ಗಂಟೆಯಲ್ಲ, ಪೂರಾ ತಪ್ಪಾಗಿದ್ದರೆ ದಾರಿ ಬೇರೆ. ಟೈಟಲ್ ಪರದೆಯಲ್ಲಿ ಕೆಳಗಿನ ಬಾಣ, ಬಿ, ಸೆಲೆಕ್ಟ್ ಮೂರನ್ನೂ ಒಟ್ಟಿಗೆ ಹಿಡಿಯಬೇಕು. ಆಮೇಲೆ ಸೆಲೆಕ್ಟ್ ಬಿಡದೆ ಎಡ ಮತ್ತು ಮೇಲಿನ ಬಾಣ ಹಿಡಿದು, ಕೊನೆಗೆ ಸೆಲೆಕ್ಟ್ ಬಿಡಬೇಕು. ಗಡಿಯಾರ ರೀಸೆಟ್ ಮಾಡುವ ಪರದೆ ಬಂದು 5 ಅಂಕಿಯ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ನಿಮ್ಮ ಆಟಗಾರನ ಹೆಸರು, ಐಡಿ ನಂಬರ್, ಕೈಯಲ್ಲಿರುವ ದುಡ್ಡು ಈ ಮೂರರಿಂದ ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕಿಕೊಡುವ ಕ್ಯಾಲ್ಕುಲೇಟರ್‌ಗಳು ನೆಟ್‌ನಲ್ಲಿ ಸಿಗುತ್ತವೆ. ದುಡ್ಡು ಲೆಕ್ಕದೊಳಗೆ ಬರುವುದರಿಂದ, ಪಾಸ್‌ವರ್ಡ್ ತೆಗೆದ ಮೇಲೆ ಅಂಗಡಿಗೆ ಹೋಗಿ ಒಂದು ಪೋಷನ್ ಕೊಂಡು ಸೇವ್ ಮಾಡಿದರೂ ಅದು ಕೆಲಸಕ್ಕೆ ಬರುವುದಿಲ್ಲ.

ಆಟದ ದಿನ ಮೂರು ಭಾಗ. ಬೆಳಗ್ಗೆ 4ರಿಂದ 10ರವರೆಗೆ ಮುಂಜಾನೆ, 10ರಿಂದ ಸಂಜೆ 6ರವರೆಗೆ ಹಗಲು, 6ರಿಂದ ಬೆಳಗಿನ ಜಾವ 4ರವರೆಗೆ ರಾತ್ರಿ. ಅಂದರೆ ನೀವು ಆಡುವುದೆಲ್ಲ ರಾತ್ರಿಯ ಲೆಕ್ಕಕ್ಕೇ ಹೋಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಫೋನಿನ ಪಟ್ಟಿ ಮಾಡುವಾಗ ಬೇಕಾಗುತ್ತದೆ.

ಫೋನಿನಲ್ಲಿ ಒಟ್ಟು 10 ಜಾಗ. ಅಮ್ಮ ಮತ್ತು ಪ್ರೊಫೆಸರ್ ಎಲ್ಮ್ ಇಬ್ಬರನ್ನು ಅಳಿಸಲು ಆಗುವುದಿಲ್ಲ. ಉಳಿದದ್ದು 8. ದಾರಿಯಲ್ಲಿ ನಿಮ್ಮ ಎದುರು ಸೋತ ಟ್ರೇನರ್‌ಗಳಲ್ಲಿ (ಪೋಕೆಮಾನ್ ಕಾದಾಡಿಸುವವರು) ಹಲವರು ನಂಬರ್ ಕೊಡುತ್ತೇನೆ ಅಂತಾರೆ, ಹೊಸಬರು ಪಾಪ ಎಲ್ಲರದ್ದೂ ತೆಗೆದುಕೊಳ್ಳುತ್ತಾರೆ. ಅಳಿಸಲು ಹೆದರಬೇಡಿ. ಬೇಕಾದಾಗ ಅದೇ ರೂಟಿಗೆ ಹೋಗಿ ಮಾತಾಡಿಸಿದರೆ ಮತ್ತೆ ಕೊಡುತ್ತಾರೆ.

ಮೊದಲು ಬಿಲ್ (ಹಿಡಿದ ಪೋಕೆಮಾನ್ ಇಡುವ ಬಾಕ್ಸ್‌ಗಳನ್ನು ನೋಡಿಕೊಳ್ಳುವವನು) ನಂಬರ್ ಇದೆಯಾ ನೋಡಿ. ಗೋಲ್ಡನ್‌ರಾಡ್‌ನಲ್ಲಿ ಅವರ ಮನೆಗೆ ಹೋದರೆ ಬಿಲ್‌ನ ತಂಗಿ ಕೊಡುತ್ತಾಳೆ. ಈ ಆಟದಲ್ಲಿ ಒಂದು ಬಾಕ್ಸ್‌ಗೆ 20 ಪೋಕೆಮಾನ್ ಮಾತ್ರ, ಬಾಕ್ಸ್ ತುಂಬಿದರೆ ತಾನಾಗಿ ಮುಂದಿನದಕ್ಕೆ ಹೋಗುವುದಿಲ್ಲ. ಕೈಯಲ್ಲಿ ಆರು, ಬಾಕ್ಸ್‌ನಲ್ಲಿ 20 ಆದರೆ ಎದುರಿಗೆ ಯಾವ ಅಪರೂಪದ ಪೋಕೆಮಾನ್ ನಿಂತರೂ ಬಾಲ್ ಎಸೆಯಲು ಆಗುವುದಿಲ್ಲ. ಬಿಲ್‌ಗೆ ಫೋನ್ ಮಾಡಿದರೆ ಎಷ್ಟು ಜಾಗ ಉಳಿದಿದೆ ಹೇಳುತ್ತಾನೆ, ತುಂಬಿದಾಗ ಅವನೇ ಫೋನ್ ಮಾಡುತ್ತಾನೆ. ಗುಹೆಗೆ ಇಳಿಯುವ ಮುಂಚೆಯೇ ಕೇಳಿಕೊಳ್ಳಿ, ಒಳಗೆ ಹೋದ ಮೇಲೆ ಸಿಗ್ನಲ್ ಸಿಗುವುದಿಲ್ಲ.

ಇನ್ನು ಟ್ರೇನರ್‌ಗಳು. ಇವರಲ್ಲಿ ಮೂರು ಥರದವರಿದ್ದಾರೆ. ಮತ್ತೆ ಕಾದಾಡುವವರು, ಅಪರೂಪದ ಪೋಕೆಮಾನ್ ಗುಂಪು ಬಂದಿದೆ ಅಂತ ಸುದ್ದಿ ಕೊಡುವವರು, ವಸ್ತು ಕೊಡುವವರು. ಕೆಲವರು ಎರಡೆರಡು ಕೆಲಸ ಮಾಡುತ್ತಾರೆ. ಮತ್ತೆ ಕಾದಾಡಲು ಕ್ರಿಸ್ಟಲ್‌ನಲ್ಲಿ ಒಬ್ಬೊಬ್ಬರಿಗೆ ವಾರದ ಒಂದು ದಿನ, ದಿನದ ಒಂದು ಹೊತ್ತು ಗೊತ್ತು ಮಾಡಿದ್ದಾರೆ. ಆ ಹೊತ್ತಿಗೆ ಫೋನ್ ಮಾಡಿದರೆ "ಬಾ, ಕಾಯ್ತಾ ಇದ್ದೀನಿ" ಅಂತಾರೆ. ಬೇರೆ ಹೊತ್ತಿನಲ್ಲಿ ಮಾಡಿದರೆ ತಮ್ಮ ಪೋಕೆಮಾನ್ ಕತೆ ಹೇಳಿ ಇಟ್ಟುಬಿಡುತ್ತಾರೆ. "ಯಾರಿಗೆ ಫೋನ್ ಮಾಡಿದರೂ ಬರೀ ಹರಟೆ" ಅಂತ ನೀವು ಬೇಜಾರಾಗಿದ್ದು ಇದಕ್ಕೇ.

ಉದಾಹರಣೆಗೆ ರೂಟ್ 30ರ ಜೋಯಿ. ತನ್ನ ರಟಾಟ (ಇಲಿಯಂಥ ಪೋಕೆಮಾನ್) ಎಲ್ಲಾ ರಟಾಟಗಳಲ್ಲೇ ಮೇಲ್ಮಟ್ಟದ್ದು ಅಂತ ಕೊಚ್ಚಿಕೊಳ್ಳುವ ಹುಡುಗ, ಪೋಕೆಮಾನ್ ಆಡಿದ ಯಾರಿಗೆ ಹೇಳಿದರೂ ನಗು ಬರುತ್ತದೆ. ಅವನ ಹೊತ್ತು ಸೋಮವಾರ ಹಗಲು. ನೀವು ಆ ಹೊತ್ತಿಗೆ ಮೀಟಿಂಗ್‌ನಲ್ಲಿರುತ್ತೀರಿ. ಅವನನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಪ್ರೀತಿಗೆ ಇಟ್ಟುಕೊಳ್ಳಿ ಬೇಕಾದರೆ.

ರಾತ್ರಿ ಆಡುವವರಿಗೆ ಕೆಲಸಕ್ಕೆ ಬರುವವರು ಬೇರೆ. ಮಂಗಳವಾರ ರಾತ್ರಿ ರೂಟ್ 31ರ ವೇಡ್, ಇವನು ಬೆರ್ರಿಯನ್ನೂ ಕೊಡುತ್ತಾನೆ. ಬುಧವಾರ ರಾತ್ರಿ ಆಲಿವಿನ್ ದೀಪಸ್ತಂಭದ ನಾವಿಕ ಹ್ಯೂಯಿ. ಗುರುವಾರ ರಾತ್ರಿ ರೂಟ್ 38ರ ಡಾನಾ, ಇವಳು ಥಂಡರ್ ಸ್ಟೋನ್ ಕೊಡುವವಳೂ ಹೌದು. ಶುಕ್ರವಾರ ರಾತ್ರಿ ರೂಟ್ 33ರ ಬೆಟ್ಟ ಹತ್ತುವ ಆಂಥನಿ. ಭಾನುವಾರ ರಾತ್ರಿ ರೂಟ್ 42ರ ಮೀನುಗಾರ ಟಲ್ಲಿ, ಇವನಿಂದ ವಾಟರ್ ಸ್ಟೋನ್. ಇವರಲ್ಲಿ ಆಂಥನಿಯನ್ನು ನಾನಂತೂ ಬಿಡುವುದಿಲ್ಲ. ಡಾರ್ಕ್ ಕೇವ್‌ನಲ್ಲಿ ಡನ್‌ಸ್ಪಾರ್ಸ್ ಅನ್ನುವ ಅಪರೂಪದ ಪೋಕೆಮಾನ್ ಗುಂಪು ಬಂದಾಗ ಫೋನ್ ಮಾಡುವವನು ಅವನೇ, ಉಳಿದ ದಿನ ಆ ಗುಹೆಯಲ್ಲಿ ಎಷ್ಟು ತಿರುಗಿದರೂ ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಸುದ್ದಿಗೆ, ವಸ್ತುವಿಗೆ ವಾರದ ಲೆಕ್ಕ ಇಲ್ಲ, ಅವರಾಗೇ ಯಾವಾಗಲೋ ಫೋನ್ ಮಾಡುತ್ತಾರೆ. ಅದಕ್ಕೆ ರೂಟ್ 35ರ ಆರ್ನಿ (ಯಾನ್ಮಾ ಬಂದರೆ ಹೇಳುತ್ತಾನೆ) ಮತ್ತು ರೂಟ್ 36ರ ಆಲನ್ (ಫೈರ್ ಸ್ಟೋನ್) ಇರಲಿ. ಕ್ವಿಲ್‌ಫಿಶ್ ಬೇಕಿದ್ದರೆ ರೂಟ್ 32ರ ರಾಲ್ಫ್‌ಗೆ ಯಾರದ್ದಾದರೂ ಜಾಗ ಕೊಡಿ, ಸಿಕ್ಕ ಮೇಲೆ ತೆಗೆದುಹಾಕಿ. ವಿಕಾಸಕ್ಕೆ ಬೇಕಾದ ಈ ಕಲ್ಲುಗಳು ಬಿಲ್‌ನ ತಾತನ ಹತ್ತಿರವೂ ಇವೆ, ಆದರೆ ಅವರು ಇರುವುದು ಕ್ಯಾಂಟೊದಲ್ಲಿ, ಕತೆಯಲ್ಲಿ ತುಂಬಾ ಮುಂದೆ ತೆರೆಯುವ ಇನ್ನೊಂದು ಪ್ರದೇಶದಲ್ಲಿ. ನಿಮ್ಮ ಹತ್ತಿರ ಈವಿ (ಇಂಥ ಕಲ್ಲಿನಿಂದ ವಿಕಾಸವಾಗುವ ಪೋಕೆಮಾನ್) ಇದ್ದರೆ ಅಲ್ಲಿವರೆಗೆ ಕಾಯುವ ತಾಳ್ಮೆ ಯಾರಿಗಿರುತ್ತದೆ! ಮೊದಲು ಅಳಿಸಬೇಕಾದವನು ಜಗ್ಲರ್ ಇರ್ವಿನ್. ಹೊಗಳಿ ಹೊಗಳಿ ಅಟ್ಟಕ್ಕೇರಿಸುತ್ತಾನೆ, ಆದರೆ ಮತ್ತೆ ಕಾದಾಡುವುದೂ ಇಲ್ಲ, ಏನೂ ಕೊಡುವುದೂ ಇಲ್ಲ.

ಅಮ್ಮನ ಬಗ್ಗೆ ಒಂದು ಮಾತು. ದುಡ್ಡು ಉಳಿಸಲು ಒಪ್ಪಿದ್ದರೆ ನೀವು ಗೆದ್ದ ದುಡ್ಡಿನಲ್ಲಿ ನಾಲ್ಕನೇ ಒಂದು ಭಾಗ ಅಮ್ಮನ ಕೈಗೆ ಹೋಗುತ್ತದೆ. ಅದರಲ್ಲಿ ಅವರು ನಿಮ್ಮನ್ನು ಕೇಳದೆಯೇ ಔಷಧಿ, ಗೊಂಬೆ ಅಂತ ಕೊಂಡು ಆಮೇಲೆ ಫೋನ್ ಮಾಡಿ ಹೇಳುತ್ತಾರೆ. ಗೊಂಬೆ ನಿಮ್ಮ ಕೋಣೆ ಅಲಂಕಾರಕ್ಕೆ. ಬೇಡ ಅನ್ನಿಸಿದರೆ ಮನೆಗೆ ಹೋಗಿ ನಿಲ್ಲಿಸಬಹುದು.

ರೇಡಿಯೋ ಕಾರ್ಡ್ ಗೋಲ್ಡನ್‌ರಾಡ್ ರೇಡಿಯೋ ಟವರ್‌ನ ಕ್ವಿಜ್‌ನಲ್ಲಿ ಗೆದ್ದಿದ್ದೀರಿ ಅಂದುಕೊಳ್ಳುತ್ತೇನೆ. ನನ್ನ ಪ್ರಕಾರ ಇದರಲ್ಲಿ ಎರಡು ಚಾನೆಲ್‌ಗೆ ಬೆಲೆ ಇದೆ. 7.5ಕ್ಕೆ ತಿರುಗಿಸಿದರೆ ಪೋಕೆಮಾನ್ ಮ್ಯೂಸಿಕ್. ಭಾನುವಾರ, ಮಂಗಳವಾರ, ಗುರುವಾರ, ಶನಿವಾರ ಮಾರ್ಚ್ ಹಾಡು, ಸೋಮವಾರ, ಬುಧವಾರ, ಶುಕ್ರವಾರ ಜೋಗುಳ. ಕೇಳಿ ಬಿಡಲು ಅಲ್ಲ ಇವು. ಮಾರ್ಚ್ ಹಾಕಿಕೊಂಡು ಹುಲ್ಲಿನಲ್ಲಿ ಓಡಾಡಿದರೆ ಕಾಡು ಪೋಕೆಮಾನ್ ಎದುರಾಗುವುದು ಎರಡು ಪಟ್ಟಾಗುತ್ತದೆ, ಜೋಗುಳ ಹಾಕಿದರೆ ಅರ್ಧಕ್ಕೆ ಇಳಿಯುತ್ತದೆ. ಪೋಕೆಗೇರ್ ಮುಚ್ಚಿದ ಮೇಲೂ ಹಾಡು ಕೇಳುತ್ತಿರಬೇಕು, ಆಗ ಮಾತ್ರ ಲೆಕ್ಕ. ಬೇರೆ ಜಾಗಕ್ಕೆ ಕಾಲಿಟ್ಟು ಅಲ್ಲಿನ ಸಂಗೀತ ಶುರುವಾಯಿತೋ, ಮತ್ತೆ ಹಾಕಬೇಕು. ಆಂಥನಿ ಗುರುವಾರ ಸುದ್ದಿ ಕೊಟ್ಟರೆ ಡಾರ್ಕ್ ಕೇವ್ ಒಳಗೆ ಮಾರ್ಚ್ ಹಾಕಿ ನೋಡಿ. ಫೋನ್, ರೇಡಿಯೋ, ಗಡಿಯಾರ ಮೂರೂ ಒಟ್ಟಿಗೆ ಕೆಲಸ ಮಾಡುವುದು ಕಾಣುತ್ತದೆ.

ಇನ್ನೊಂದು 10.5ರಲ್ಲಿ ಬರುವ ಬ್ವೇನಾ ಪಾಸ್‌ವರ್ಡ್. ಇದು ಕ್ರಿಸ್ಟಲ್‌ನಲ್ಲಿ ಹೊಸದಾಗಿ ಸೇರಿಸಿದ್ದು, ಸಂಜೆ 6ರಿಂದ ಮಧ್ಯರಾತ್ರಿವರೆಗೆ. ನಿಮಗೆ ಹೇಳಿ ಮಾಡಿಸಿದ ಹೊತ್ತು. ರೇಡಿಯೋದಲ್ಲಿ ಆ ದಿನದ ಪಾಸ್‌ವರ್ಡ್ ಕೇಳಿ, ಅದೇ ರಾತ್ರಿ ಟವರ್‌ನ ಎರಡನೇ ಮಹಡಿಯಲ್ಲಿ ಕಾರ್ಯಕ್ರಮ ನಡೆಸುವ ಬ್ವೇನಾಗೆ ಹೇಳಿದರೆ ಅವಳು ಕೊಡುವ ನೀಲಿ ಕಾರ್ಡ್‌ಗೆ ಒಂದು ಪಾಯಿಂಟ್. 2 ಪಾಯಿಂಟ್‌ಗೆ ಅಲ್ಟ್ರಾ ಬಾಲ್, 3ಕ್ಕೆ ರೇರ್ ಕ್ಯಾಂಡಿ, 5ಕ್ಕೆ ಪ್ರೋಟೀನ್, ಐರನ್ ಥರದ್ದು. ಆಟ ಮುಗಿಸಿ ಮಲಗುವ ಮುಂಚೆ ಗೋಲ್ಡನ್‌ರಾಡ್‌ಗೆ ಹಾರಿ ಬಂದು ಇದೊಂದು ಮುಗಿಸಿ ಸೇವ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಲಕ್ಕಿ ನಂಬರ್ ವಾರಕ್ಕೊಮ್ಮೆ, ಬಂದರೆ ಬಂತು. ನಿಮ್ಮ ಪೋಕೆಮಾನ್‌ನ ಐಡಿ ನಂಬರ್ ಜೊತೆ 5 ಅಂಕಿಯೂ ಹೊಂದಿದರೆ ಮಾಸ್ಟರ್ ಬಾಲ್ (ತಪ್ಪದೆ ಹಿಡಿಯುವ ಬಾಲ್), ಆದರೆ ನೆಚ್ಚಿಕೊಳ್ಳಬೇಡಿ. ಮುಂದೆ ಕತೆಯಲ್ಲಿ ಒಂದು ಕಡೆ ಯಾವ ಚಾನೆಲ್ ತಿರುಗಿಸಿದರೂ ಒಂದೇ ಪ್ರಸಾರ ಬರುತ್ತದೆ. ರೇಡಿಯೋ ಕೆಟ್ಟಿತು ಅಂದುಕೊಳ್ಳಬೇಡಿ, ಟವರ್ ಕಡೆ ನಡೆಯಿರಿ, ಇನ್ನು ಹೇಳಿದರೆ ಕತೆ ಹಾಳಾಗುತ್ತದೆ. ಕ್ಯಾಂಟೊಗೆ ಹೋದ ಮೇಲೆ ಲ್ಯಾವೆಂಡರ್ ಟೌನ್‌ನಲ್ಲಿ ಇನ್ನೊಂದು ಕಾರ್ಡ್ ಸಿಗುತ್ತದೆ, ಅದರಿಂದ 20.0ರಲ್ಲಿ ಪೋಕೆ ಫ್ಲೂಟ್ ಹಿಡಿಯುತ್ತದೆ. ವರ್ಮಿಲಿಯನ್ ಪಕ್ಕ ದಾರಿಗೆ ಅಡ್ಡ ಮಲಗಿರುವ ಸ್ನಾರ್‌ಲ್ಯಾಕ್ಸ್ ಎದುರು ಆ ಚಾನೆಲ್ ಹಾಕಿ ಮಾತಾಡಿಸಿದರೆ ಎದ್ದು ಬರುತ್ತದೆ. ಅದನ್ನು ಸಾಯಿಸಬೇಡಿ, ಹಿಡಿಯಿರಿ. ಅದರ ಕೈಯಲ್ಲಿ ಲೆಫ್ಟ್‌ಓವರ್ಸ್ (ಕಾದಾಟದ ನಡುವೆ ಸ್ವಲ್ಪ ಸ್ವಲ್ಪ ಶಕ್ತಿ ತುಂಬುವ ವಸ್ತು) ಇರುತ್ತದೆ.

ಈಗ ಬ್ಯಾಟರಿ. ಕಾರ್ಟ್ರಿಡ್ಜ್ ಒಳಗೆ ಇರುವುದು ಸಿಆರ್2025, 3 ವೋಲ್ಟ್‌ನ ಬಿಲ್ಲೆ ಬ್ಯಾಟರಿ. ಸೇವ್ ಉಳಿಸುವುದೂ ಅದೇ, ಗಡಿಯಾರ ಓಡಿಸುವುದೂ ಅದೇ. ಎರಡು ಕೆಲಸ ಮಾಡುವುದರಿಂದ ಗಡಿಯಾರ ಇಲ್ಲದ ರೆಡ್, ಬ್ಲೂ ಕಾರ್ಟ್ರಿಡ್ಜ್‌ಗಿಂತ ಬೇಗ ಸುಸ್ತಾಗುತ್ತದೆ. ಸತ್ತರೆ ಸೇವ್ ಹೋಗುತ್ತದೆ. ತೆಗೆದು ಹೊಸದು ಹಾಕಿದರೂ ಹೋಗುತ್ತದೆ. ಅದಕ್ಕೇ ಬ್ಯಾಟರಿ ಬದಲಿಸುವ ಮುಂಚೆ ಕಾರ್ಟ್ರಿಡ್ಜ್ ರೀಡರ್ ಇರುವವರ ಹತ್ತಿರ ಸೇವ್ ಕಾಪಿ ತೆಗೆಸಿ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಗುಂಪಿನಲ್ಲಿ ಕೇಳಿದರೆ ನಿಮ್ಮ ಊರ ಹತ್ತಿರ ಯಾರಾದರೂ ಸಿಗಬಹುದು.

ಬಿಚ್ಚಲು 3.8 ಮಿ.ಮೀ. ಗೇಮ್‌ಬಿಟ್ ಸ್ಕ್ರೂಡ್ರೈವರ್ ಬೇಕು, ಮಾಮೂಲಿ ಸ್ಟಾರ್ ಹಾಕಿ ತಿರುಗಿಸಿದರೆ ಸ್ಕ್ರೂ ಸವೆಯುತ್ತದೆ. ಬ್ಯಾಟರಿ ಕೊಳ್ಳುವಾಗ ಎರಡೂ ಕಡೆ ಲೋಹದ ಕಾಲು ಅಂಟಿಸಿರುವುದನ್ನೇ ಕೇಳಿ. ಬೆಂಗಳೂರಿನವರು ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ. ವಾಚ್ ಅಂಗಡಿಯ ಬೋಳು ಬ್ಯಾಟರಿ ತಂದು ಅದರ ಮೈಗೇ ಬೆಸುಗೆ ಹಾಕಲು ಹೋಗಬೇಡಿ, ಕಾವು ಜಾಸ್ತಿಯಾದರೆ ಸಿಡಿಯಬಹುದು. ಟೇಪ್ ಸುತ್ತಿ ಒತ್ತಿ ಕೂರಿಸುವವರೂ ಇದ್ದಾರೆ. ಕಾರ್ಟ್ರಿಡ್ಜ್ ಒಂದು ಸಲ ಕೈಜಾರಿ ಬಿದ್ದರೆ ಸಾಕು, ಸಂಪರ್ಕ ತಪ್ಪಿ ಸೇವ್ ಮಾಯ. ಹಳೆಯದರ ಕಾಲು ಬಿಡಿಸುವ ಮುಂಚೆ ಬೋರ್ಡ್ ಮೇಲೆ ಪ್ಲಸ್, ಮೈನಸ್ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಹೊಸದು ಹಾಕಿ, ಸೇವ್ ವಾಪಸ್ ತುಂಬಿದ ಮೇಲೆ ಆಟ ಶುರು ಮಾಡುವಾಗ ಗಡಿಯಾರ ತಪ್ಪಿರಬಹುದು, ಸರಿ ಮಾಡಿ ಅಂತ ಗೇಮೇ ಹೇಳಿದರೆ ಗಾಬರಿಯಾಗಬೇಡಿ. ವಾರ ಮತ್ತು ಸಮಯ ಹಾಕಿ, ಸೇವ್ ಮಾಡಿ, ಆಫ್ ಮಾಡಿ ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಪೋಕೆಗೇರ್ ತೆರೆದು ಮೊಬೈಲ್ ಸಮಯದ ಜೊತೆ ಹೋಲಿಸಿ. ಎರಡೂ ಒಂದೇ ಇದ್ದರೆ ಬೆಸುಗೆ ಕೂತಿದೆ. ಹಿಂದೆ ಬಿದ್ದಿದ್ದರೆ ಬೋರ್ಡಿನ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.