ನಿಕಲ್ ರೆಸಿನ್ ಕಂದಾಗಿದೆ ಅಂತ ಎಸೆಯಬೇಡಿ

ನಿಕಲ್-ಎನ್‌ಟಿಎ ರೆಸಿನ್ (ಪ್ರೋಟೀನ್ ಹಿಡಿಯಲು ನಿಕಲ್ ಕೂರಿಸಿದ ಸಣ್ಣ ಮಣಿಗಳು) ಕಂದು ಬಣ್ಣಕ್ಕೆ ತಿರುಗಿದೆ, ಎಸೆಯಲಾ? ಬೇಸಿಗೆ ರಜೆಯ ಎರಡು ತಿಂಗಳು ಅದನ್ನು ಹೇಗೆ ಇಡಲಿ? ಅಂತ ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ನಾನು ವಿಜಯಪುರದ ಒಂದು ಸಣ್ಣ ಲ್ಯಾಬ್‌ನಲ್ಲಿ ಹಿಸ್-ಟ್ಯಾಗ್ (ನಿಕಲ್‌ಗೆ ಅಂಟುವ ಹಿಸ್ಟಿಡಿನ್ ಬಾಲ) ಇರುವ ಪ್ರೋಟೀನ್ ಅನ್ನು ಈ ರೆಸಿನ್‌ನಿಂದ ಶುದ್ಧ ಮಾಡುತ್ತೇನೆ. ಹೊಸ ರೆಸಿನ್ ಕೈಗೆ ಬರೋಕೆ ನಮಗೆ ವಾರಗಟ್ಟಲೆ ಬೇಕು. ಇದ್ದದ್ದನ್ನೇ ಜೋಪಾನ ಮಾಡಬೇಕು, ಅಲ್ವಾ?

ಮೊದಲು ನಿಮ್ಮ ಬಫರ್ (ಪ್ರೋಟೀನ್ ಕರಗಿಸಿಡುವ, ಪಿಎಚ್ ಕಾಪಾಡುವ ದ್ರಾವಣ) ನೋಡಿ. ಅದರಲ್ಲಿ ಡಿಟಿಟಿ (ನಿಕಲ್ ಅನ್ನು ಅಪಕರ್ಷಿಸುವ ರಾಸಾಯನಿಕ) ಇದೆಯಾ? ಕಂದು ಬಣ್ಣಕ್ಕೆ ಸಾಮಾನ್ಯವಾಗಿ ಅದೇ ಕಾರಣ. ರೆಸಿನ್‌ನ ಸಹಜ ನೀಲಿ-ಹಸಿರು ಹೋಗಿ ಬೆಳ್ಳಗಾಗಿದ್ದರೆ ನಿಕಲ್ ಕಳಚಿದೆ, ಎಲ್ಲೋ ಇಡಿಟಿಎ (ಲೋಹವನ್ನು ಹಿಡಿದು ಎಳೆಯುವ ರಾಸಾಯನಿಕ) ಸೇರಿದೆ ಅಂತ ಅರ್ಥ. ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆಯಲು ಬಫರ್‌ಗೆ ಹಾಕುವ ಕೆಲವು ಮಾತ್ರೆಗಳಲ್ಲೂ ಇಡಿಟಿಎ ಇರುತ್ತದೆ. ಲೇಬಲ್ ಓದಿ.

ಎರಡಕ್ಕೂ ಮದ್ದು ಒಂದೇ. 100 ಮಿಲಿಮೋಲಾರ್ ಇಡಿಟಿಎ, ಪಿಎಚ್ 8, ರೆಸಿನ್‌ನ ಐದು ಪಟ್ಟು ಹರಿಸಿ. ಪೂರ್ತಿ ಬೆಳ್ಳಗಾಗಲಿ. ನೀರಿನಲ್ಲಿ ತೊಳೆದು, 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಅರ್ಧ ಗಂಟೆ ಬಿಡಿ. ಅಂಟಿಕೊಂಡ ಪ್ರೋಟೀನ್ ಬಿಡುತ್ತದೆ. ಆಮೇಲೆ ಹತ್ತು ಪಟ್ಟು ನೀರು. ಇಲ್ಲೇ ಜನ ಅವಸರ ಮಾಡುತ್ತಾರೆ. ಚೂರು ಇಡಿಟಿಎ ಉಳಿದರೂ ನೀವು ಹಾಕುವ ಹೊಸ ನಿಕಲ್ ಅನ್ನು ಅದೇ ಹಿಡಿದುಕೊಳ್ಳುತ್ತದೆ. ನೀರು ಅಂದರೆ ಡಿಸ್ಟಿಲ್ಡ್ ನೀರು. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ನಿಮಗೇ ಗೊತ್ತು. ಕೊನೆಗೆ 0.1 ಮೋಲಾರ್ ನಿಕಲ್ ಸಲ್ಫೇಟ್ ಎರಡು ಪಟ್ಟು ಹರಿಸಿ ತೊಳೆಯಿರಿ. ಬಣ್ಣ ಮರಳಿ ಬರುವುದನ್ನು ನೋಡಿದರೆ ಇವತ್ತಿಗೂ ನನಗೆ ಖುಷಿಯಾಗುತ್ತದೆ. ನಿಕಲ್ ಇರುವ ನೀರನ್ನು ಸಿಂಕ್‌ಗೆ ಸುರಿಯಬೇಡಿ, ಬೇರೆ ಬಾಟಲಿಯಲ್ಲಿ ತುಂಬಿಡಿ. ಕೈಗವಸು ಬೇಕೇ ಬೇಕು.

ಇಡುವುದಕ್ಕೆ 20 ಪರ್ಸೆಂಟ್ ಎಥನಾಲ್, 4 ಡಿಗ್ರಿ. ಅದಕ್ಕೆ ಮುಂಚೆ ಬಫರ್ ಅನ್ನು ನೀರಿನಿಂದ ತೊಳೆದು ತೆಗೆಯಿರಿ. ಇಲ್ಲದಿದ್ದರೆ ಎಥನಾಲ್ ತಾಗಿ ಫಾಸ್ಫೇಟ್ ಉಪ್ಪು ಒಳಗೇ ಹರಳುಗಟ್ಟುತ್ತದೆ. ರೆಸಿನ್ ಮೇಲೆ ಎರಡು ಬೆರಳು ದ್ರವ ನಿಲ್ಲಲಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ (ಎಳೆದು ಸುತ್ತುವ ಮೇಣದ ಹಾಳೆ) ಸುತ್ತಿ. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಕರೆಂಟ್ ಬೇರೆ ಹೋಗುತ್ತದೆ. ಫ್ರಿಜ್ ಕೆಲವು ಗಂಟೆ ಬಿಸಿಯಾದರೆ ಗಾಬರಿ ಬೇಡ, ಎಥನಾಲ್ ಇರುವಾಗ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಒಣಗುವುದೇ ಜಾಸ್ತಿ ಅಪಾಯ.

ಫ್ರೀಜರ್‌ಗೆ ಮಾತ್ರ ಇಡಬೇಡಿ. ಒಮ್ಮೆ ರಜೆಗೆ ಹೋಗುವ ಮುಂಚೆ ನಮ್ಮಲ್ಲಿ ಯಾರೋ ತಂಪಾಗಿರಲಿ ಅಂತ ಕಾಲಂ (ರೆಸಿನ್ ತುಂಬಿದ ಕೊಳವೆ) ಅನ್ನು ಅಲ್ಲಿಟ್ಟರು. ಮಣಿಗಳು ಒಡೆದು ಪುಡಿಯಾಗಿ, ಹನಿ ಕೂಡ ಇಳಿಯಲಿಲ್ಲ. ಅದನ್ನು ಉಳಿಸಲು ಆಗಲೇ ಇಲ್ಲ.

ರಜೆ ಮುಗಿಸಿ ಬಂದಾಗ ಎಥನಾಲ್ ಅನ್ನು ನಿಧಾನವಾಗಿ ನೀರಿನಿಂದ ತೊಳೆದು ಆಮೇಲೆ ಬಫರ್ ಹಾಕಿ. ಆಗಲೂ ಬಣ್ಣ ಸರಿ ಕಾಣದಿದ್ದರೆ ನಿಮ್ಮ ಬಫರ್‌ನ ಪೂರ್ತಿ ಪಟ್ಟಿ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.