ಹಳೆ 600–650 ಸಿಸಿ ಬೈಕ್: ಎಂಜಿನ್ ಹೋಲಿಸುವ ಮೊದಲು ಚೈನ್ ನೋಡಿ

ಪ್ರಶ್ನೆ: ನನ್ನದು 2005ರ ಸುಜುಕಿ ಎಸ್‌ವಿ650, ಗೆಳೆಯನದು ಅದೇ ವರ್ಷದ ಯಮಹಾ ಎಫ್‌ಝೆಡ್6. ಎರಡೂ ಸೆಕೆಂಡ್ ಹ್ಯಾಂಡ್. ಕಂಪನಿ ಲೆಕ್ಕದಲ್ಲಿ ಅವನ ಗಾಡಿಗೆ 98 ಕುದುರೆ ಶಕ್ತಿ, ನನ್ನದಕ್ಕೆ 70ರ ಆಸುಪಾಸು. ಆದರೂ ಐದನೇ ಗೇರಿನಲ್ಲಿ 60ರಿಂದ ಇಬ್ಬರೂ ಒಟ್ಟಿಗೆ ಆಕ್ಸಿಲರೇಟರ್ ತಿರುಗಿಸಿದರೆ ಮೊದಲು ನಾನೇ ಮುಂದೆ, ಆಮೇಲೆ ಅವನು ದಾಟಿ ಹೋಗುತ್ತಾನೆ. ನಿಜಕ್ಕೂ ಯಾವ ಗಾಡಿ ಜೋರು? ಇನ್ನೊಂದು ವಿಷಯ. ನಿಧಾನಕ್ಕೆ ಹೋಗುವಾಗ ನನ್ನ ಗಾಡಿ ತುಂಬಾ ಜರ್ಕ್ ಹೊಡೆಯುತ್ತದೆ, ಫ್ಯುಯೆಲ್ ಇಂಜೆಕ್ಷನ್ ದೋಷ ಇರಬೇಕು ಅಂತ ಒಬ್ಬರು ಹೇಳಿದರು. ಚೈನ್ ಸರಿಯಾಗೇ ಇದೆ, ಎರಡೂ ಗಾಡಿಗೆ ಒಂದೇ ಅಳತೆಯಲ್ಲಿ ಒಂದೂವರೆ ಇಂಚು ಲೂಸ್ ಇಟ್ಟಿದ್ದೇವೆ.

ಉತ್ತರ: ನಿಮ್ಮ ಕೊನೆಯ ವಾಕ್ಯ ಓದಿದ ಮೇಲೆ ಇಂಜೆಕ್ಷನ್ ಮೇಲಿನ ಅನುಮಾನವನ್ನು ಸದ್ಯಕ್ಕೆ ಬದಿಗಿಡಿ ಅನ್ನುತ್ತೇನೆ. ಎಸ್‌ವಿ650 ಚೈನಿಗೆ ಸುಜುಕಿ ಹೇಳುವ ಸಡಿಲ, ಅಂದರೆ ಕೆಳಗಿನ ಸಾಲಿನ ನಡುಭಾಗ ಮೇಲೆ ಕೆಳಗೆ ಆಡುವ ಅಳತೆ, 20ರಿಂದ 30 ಮಿ.ಮೀ. ಎಫ್‌ಝೆಡ್6ಗೆ ಯಮಹಾ ಹೇಳುವುದು 45ರಿಂದ 55 ಮಿ.ಮೀ. ಒಂದೂವರೆ ಇಂಚು ಅಂದರೆ 38 ಮಿ.ಮೀ. ಅಂದರೆ ನಿಮ್ಮ ಚೈನ್ ಜಾಸ್ತಿ ಲೂಸ್, ನಿಮ್ಮ ಗೆಳೆಯನದು ಜಾಸ್ತಿ ಟೈಟ್. ಒಂದೇ ಅಳತೆ ಎರಡೂ ಗಾಡಿಗೆ ತಪ್ಪಾಗಿದೆ.

ಅಳತೆ ಯಾಕೆ ಬೇರೆ ಬೇರೆ? ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಒಂದು ಕಡೆ ಇರುತ್ತದೆ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ತಿರುಗುವ ಬೋಲ್ಟ್ ಅದಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ. ಹಿಂದಿನ ಚಕ್ರ ಮೇಲೆ ಕೆಳಗೆ ಆಡಿದಂತೆ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಬದಲಾಗುತ್ತಾ ಹೋಗುತ್ತದೆ. ಮುಂದಿನ ಸ್ಪ್ರಾಕೆಟ್, ಆ ಬೋಲ್ಟು, ಹಿಂದಿನ ಆಕ್ಸಲ್, ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಹೆಚ್ಚು ಟೈಟ್. ಸ್ಟ್ಯಾಂಡ್ ಮೇಲೆ ಕಾಣುವ ಸಡಿಲ ಆ ಕ್ಷಣಕ್ಕೆ ಅಂತ ಇಟ್ಟಿದ್ದು. ಎಷ್ಟು ಬೇಕು ಅನ್ನುವುದು ಆಯಾ ಫ್ರೇಮಿನ ಲೆಕ್ಕ, ಬೆರಳಲ್ಲಿ ಎತ್ತಿ ನೋಡಿ ಅಂದಾಜು ಮಾಡುವುದಲ್ಲ.

ಟೈಟ್ ಚೈನ್ ಸದ್ದು ಮಾಡುವುದಿಲ್ಲ, ನೋಡಲೂ ಅಚ್ಚುಕಟ್ಟು. ಅದಕ್ಕೇ ಜನ ಟೈಟ್ ಮಾಡಿ ನಿರಾಳವಾಗುತ್ತಾರೆ. ಆದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಗುಂಡಿಗೆ ಇಳಿಸಿದಾಗ ಆ ಎಳೆತವೆಲ್ಲ ಬೀಳುವುದು ಮುಂದಿನ ಸ್ಪ್ರಾಕೆಟ್ ಕೂರುವ ಗೇರ್ ಬಾಕ್ಸಿನ ಔಟ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ. ಆ ಬೇರಿಂಗ್ ಹೋದರೆ ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಬಿಚ್ಚಲೇಬೇಕು. ಲೂಸ್ ಮತ್ತು ಟೈಟ್ ಎರಡರಲ್ಲಿ ನನಗೆ ಹೆಚ್ಚು ಭಯ ಟೈಟ್ ಚೈನಿನದು. ದಯವಿಟ್ಟು ಗೆಳೆಯನ ಗಾಡಿಯನ್ನು ಮೊದಲು ಸರಿಮಾಡಿಸಿ, ನಿಮ್ಮದು ಆಮೇಲೆ.

ಈಗ ಜರ್ಕ್ ವಿಷಯ. ನಿಮ್ಮದು 90 ಡಿಗ್ರಿ ವಿ-ಟ್ವಿನ್, ಅಂದರೆ ಎರಡು ಸಿಲಿಂಡರು ವಿ ಆಕಾರದಲ್ಲಿ ಇರುವ ಎಂಜಿನ್. ಅದರ ಎರಡು ಸಿಲಿಂಡರುಗಳು ಸಮ ಅಂತರದಲ್ಲಿ ಫೈರ್ ಆಗುವುದಿಲ್ಲ, ಕ್ರ್ಯಾಂಕ್ ಶಾಫ್ಟ್ ತಿರುಗುವ ಲೆಕ್ಕದಲ್ಲಿ ಒಂದು ಅಂತರ 270 ಡಿಗ್ರಿ, ಮತ್ತೊಂದು 450. ಗೆಳೆಯನ ನಾಲ್ಕು ಸಿಲಿಂಡರಿನದು ಪ್ರತಿ 180 ಡಿಗ್ರಿಗೆ ಒಮ್ಮೆ, ಅಂದರೆ ಚಿಕ್ಕ ಚಿಕ್ಕ ಹೊಡೆತಗಳು ಬೇಗ ಬೇಗ ಬರುತ್ತವೆ. ನಿಮ್ಮದರಲ್ಲಿ ಹೊಡೆತ ದೊಡ್ಡದು, ನಡುವೆ ಬಿಡುವೂ ದೊಡ್ಡದು. ಆರ್‌ಪಿಎಂ ಕಡಿಮೆ ಇದ್ದಾಗ ಲೂಸ್ ಚೈನ್ ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲ ಆಗುತ್ತದೆ, ಅದೇ ನಿಮಗೆ ಜರ್ಕ್ ಆಗಿ ತಿಳಿಯುವುದು. ಮೊದಲು ಸಡಿಲವನ್ನು ಮ್ಯಾನ್ಯುಯಲ್ ಅಳತೆಗೆ ತನ್ನಿ. ಆಮೇಲೆ ಹಿಂದಿನ ಚಕ್ರ ಬಿಚ್ಚಿದಾಗ ಸ್ಪ್ರಾಕೆಟ್ ಕೂರುವ ಜಾಗದ ರಬ್ಬರ್‌ಗಳನ್ನು ನೋಡಿ, ಡ್ರಮ್ ರಬ್ಬರ್ ಅಂತ ಕರೆಯುತ್ತಾರಲ್ಲ, ಅವೇ. 20 ವರ್ಷದ ಗಾಡಿಯಲ್ಲಿ ಅವು ಕಲ್ಲಾಗಿರುತ್ತವೆ ಅಥವಾ ಸವೆದು ಆಡುತ್ತಿರುತ್ತವೆ. ಸ್ಪ್ರಾಕೆಟ್ ಹಿಡಿದು ಹಿಂದೆ ಮುಂದೆ ತಿರುಗಿಸಿದರೆ ಸಲೀಸಾಗಿ ಆಡುತ್ತದಾ? ಹಾಗಿದ್ದರೆ ಬದಲಿಸಿ. ಈ ಎರಡೂ ಮುಗಿದ ಮೇಲೂ ಜರ್ಕ್ ಉಳಿದರೆ ಆಗ ಥ್ರಾಟಲ್ ಕೇಬಲ್ ಸಡಿಲ, ಥ್ರಾಟಲ್ ಬಾಡಿ ಸಿಂಕ್ (ಎರಡೂ ಸಿಲಿಂಡರಿಗೆ ಗಾಳಿ ಸಮವಾಗಿ ಹೋಗುವಂತೆ ಹೊಂದಿಸುವುದು), ಇಂಜೆಕ್ಷನ್, ಹೀಗೆ ಮುಂದಕ್ಕೆ ಹೋಗಿ. ದುಬಾರಿ ಭಾಗದಿಂದ ಶುರು ಮಾಡಬೇಡಿ.

ಯಾವುದು ಜೋರು ಅನ್ನುವುದಕ್ಕೆ ಬರೋಣ. ಎರಡು ಎಂಜಿನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚುಕಡಿಮೆ ಒಂದೇ. ಎಫ್‌ಝೆಡ್6ದು 63 ಎನ್ಎಂ (ನ್ಯೂಟನ್ ಮೀಟರ್), ಎಸ್‌ವಿಯದು ಸುಮಾರು 64. ವ್ಯತ್ಯಾಸ ಇರುವುದು ಎಲ್ಲಿ ಸಿಗುತ್ತದೆ ಅನ್ನುವುದರಲ್ಲಿ. ನಿಮ್ಮದಕ್ಕೆ 7,000 ಚಿಲ್ಲರೆ ಆರ್‌ಪಿಎಂನಲ್ಲಿ ಸಿಕ್ಕರೆ ಅವನದಕ್ಕೆ 10,000ದಲ್ಲಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ, ನೀವೇ ಲೆಕ್ಕ ಹಾಕಿ ನೋಡಿ: 7,200ಕ್ಕೆ ನಿಮ್ಮದು 48, 10,000ಕ್ಕೆ ಅವನದು 66. ಅವನ 98 ಕುದುರೆ ಶಕ್ತಿ ಪೂರ್ತಿ ಬರುವುದು 12,000ದಲ್ಲಿ. ಐದನೇ ಗೇರು, 60ರ ವೇಗ ಅಂದರೆ ಅವನ ಎಂಜಿನ್ ಆ ಜಾಗದಿಂದ ಬಹಳ ದೂರ. ಅಲ್ಲಿ ನೀವು ಮುಂದೆ ಹೋಗುವುದು ಸಹಜ. ಅವನು ಎರಡು ಗೇರ್ ಇಳಿಸಿ ತಿರುಗಿಸಿದರೆ ಕಥೆ ಬೇರೆ.

ಹಾಗಾಗಿ ಒಂದೇ ಗೇರಿನಲ್ಲಿ ಹೋಲಿಸುವುದು ಸರಿಯಾದ ಪರೀಕ್ಷೆ ಅಲ್ಲ. ದಿನಾ ಟ್ರಾಫಿಕ್ಕಿನಲ್ಲಿ ಓಡಿಸುವವರಿಗೆ ನಾನು ಎಸ್‌ವಿ ಕಡೆಗೇ, ಕೆಳಗಿನಿಂದಲೇ ಎಳೆಯುವ ಎಂಜಿನ್ ಹಳೆಯ ಗಾಡಿಯಲ್ಲಿ ದೊಡ್ಡ ಸುಖ. ಖಾಲಿ ರಸ್ತೆಯಲ್ಲಿ ಎಂಜಿನ್ ಕೂಗಿಸಲು ಇಷ್ಟಪಡುವವರಿಗೆ ಎಫ್‌ಝೆಡ್6. ಆದರೆ ಸವೆದ ಟೈರು, ಕೊಳೆ ತುಂಬಿದ ಏರ್ ಫಿಲ್ಟರ್, ಎಳೆಯುತ್ತಿರುವ ಬ್ರೇಕ್ ಕ್ಯಾಲಿಪರ್, ವಾಲ್ವ್ ಕ್ಲಿಯರೆನ್ಸ್ ನೋಡದೆ ಬಿಟ್ಟ ವರ್ಷಗಳು, ಇವೆಲ್ಲ ಸೇರಿದರೆ ಈ ವಯಸ್ಸಿನ ಎರಡು ಗಾಡಿಗಳ ನಡುವೆ ಕಂಪನಿಯ ಲೆಕ್ಕ ಉಳಿಯುವುದಿಲ್ಲ. ಎರಡನ್ನೂ ಸರಿಮಾಡಿಸಿ, ಆಮೇಲೆ ಹೋಲಿಸಿ.

ಪ್ರಶ್ನೆ: ನನ್ನ ಹಳೆಯ 650ರ ಚೈನ್ ಒಂದು ಕಡೆ ಟೈಟ್, ಚಕ್ರ ಅರ್ಧ ತಿರುಗಿಸಿದರೆ ಲೂಸ್. ಯಾವುದಕ್ಕೆ ಅಡ್ಜಸ್ಟ್ ಮಾಡಬೇಕು? ಹೊಸದು ಹಾಕಬೇಕು ಅಂತ ಗೊತ್ತಾಗುವುದು ಹೇಗೆ?

ಉತ್ತರ: ಯಾವಾಗಲೂ ಅತಿ ಟೈಟ್ ಇರುವ ಜಾಗದಲ್ಲಿ ಅಳೆಯಿರಿ. ಲೂಸ್ ಜಾಗಕ್ಕೆ ಹೊಂದಿಸಿದರೆ ಟೈಟ್ ಜಾಗ ಬೇರಿಂಗನ್ನು ತಿನ್ನುತ್ತದೆ. ಆದರೆ ಎರಡರ ನಡುವೆ ವ್ಯತ್ಯಾಸ ತುಂಬಾ ಇದ್ದರೆ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ, ಕೆಲವು ಕೊಂಡಿಗಳು ಸವೆದಿವೆ ಅಥವಾ ಗಟ್ಟಿಯಾಗಿವೆ ಅಂತಲೇ ಅರ್ಥ.

ಅಳೆದು ನೋಡುವ ದಾರಿ ಇದೆ. 520, 525, 530, ಈ ಮೂರೂ ಚೈನಿನ ಪಿನ್ನಿಂದ ಪಿನ್ನಿಗೆ ದೂರ 15.875 ಮಿ.ಮೀ. ಮೊದಲ ಅಂಕಿ 5 ಹೇಳುವುದು ಅದನ್ನೇ, ಕೊನೆಯ ಎರಡು ಅಂಕಿ ಅಗಲಕ್ಕೆ ಸಂಬಂಧಿಸಿದ್ದು. ಚೈನನ್ನು ಬಿಗಿಯಾಗಿ ಹಿಡಿದು 21 ಪಿನ್‌ಗಳ ಅಂತರ, ಅಂದರೆ 20 ಕೊಂಡಿ ಅಳೆಯಿರಿ. ಹೊಸದಾಗಿದ್ದಾಗ 317.5 ಮಿ.ಮೀ. ಎಸ್‌ವಿ650ಗೆ ಸುಜುಕಿ ಕೊಡುವ ಮಿತಿ 319.4. ಎರಡು ಮಿ.ಮೀ. ಕೂಡ ಇಲ್ಲ! ನಿಮ್ಮ ಗಾಡಿಯ ಮಿತಿ ಅದರ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದನ್ನೇ ನಂಬಿ. ಒಂದೇ ಕಡೆ ಅಳೆದು ಬಿಡಬೇಡಿ, ಮೂರ್ನಾಲ್ಕು ಕಡೆ ಅಳೆಯಿರಿ. ಟೇಪ್ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನನ್ನು ಹಿಂದಕ್ಕೆ ಎಳೆದು ನೋಡಿ, ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಮುಗಿಯಿತು.

ಕೊಂಡಿಗಳ ಪಕ್ಕದಲ್ಲಿ ಕೆಂಪು ಪುಡಿ ಕಾಣುತ್ತಿದ್ದರೆ ಅಳೆಯುವ ಅಗತ್ಯವೂ ಇಲ್ಲ. ಓ-ರಿಂಗ್, ಎಕ್ಸ್-ರಿಂಗ್ ಚೈನಿನಲ್ಲಿ ಪಿನ್ನಿಗೂ ಬುಷ್‌ಗೂ ನಡುವೆ ಫ್ಯಾಕ್ಟರಿಯಲ್ಲೇ ಗ್ರೀಸ್ ತುಂಬಿ ರಬ್ಬರ್ ರಿಂಗಿನಿಂದ ಮುಚ್ಚಿರುತ್ತಾರೆ. ಪುಡಿ ಅಂದರೆ ರಿಂಗ್ ಹೋಗಿದೆ, ಗ್ರೀಸೂ ಹೋಗಿದೆ, ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಹೊರಗಿಂದ ಎಷ್ಟು ಎಣ್ಣೆ ಹಾಕಿದರೂ ಆ ಗ್ರೀಸ್ ವಾಪಸ್ ಬರುವುದಿಲ್ಲ. ಕಿಲೋಮೀಟರ್ ಕಡಿಮೆ ಓಡಿದೆ ಅಂತ ನಿಲ್ಲಿಸಿಟ್ಟ ಹಳೆ ಗಾಡಿಯ ಚೈನನ್ನು ನಂಬಬೇಡಿ, ರಬ್ಬರ್ ರಿಂಗ್‌ಗಳು ನಿಂತಲ್ಲೇ ಒಣಗುತ್ತವೆ.

ಹೊಸ ಚೈನ್ ಹಾಕುವಾಗ ಎರಡೂ ಸ್ಪ್ರಾಕೆಟ್ ಹೊಸದೇ ಇರಲಿ. ಹಳೆ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಸವೆಯುತ್ತದೆ.

ಪ್ರಶ್ನೆ: ಚೈನಿಗೆ ಯಾವ ಎಣ್ಣೆ? ಎಷ್ಟು ಕಿಲೋಮೀಟರಿಗೆ? ಸ್ಪ್ರೇ ಹಾಕಿದರೆ ಚಕ್ರದ ತುಂಬಾ ಚಿಮ್ಮುತ್ತದೆ.

ಉತ್ತರ: ಯಾವ ಎಣ್ಣೆ ಅನ್ನುವುದಕ್ಕಿಂತ ಹಾಕುತ್ತೀರಾ ಇಲ್ಲವಾ ಅನ್ನುವುದು ಮುಖ್ಯ. ಓ-ರಿಂಗಿಗೆ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿರುವ ಯಾವ ಸ್ಪ್ರೇ ಆದರೂ ಸರಿ. 80 ಅಥವಾ 90ರ ಗೇರ್ ಆಯಿಲ್ ಕೂಡ ಒಳ್ಳೆಯದು, ಎಷ್ಟೋ ಹಳೆಯ ಮ್ಯಾನ್ಯುಯಲ್‌ಗಳು ಅದನ್ನೇ ಹೇಳುತ್ತವೆ. 500ರಿಂದ 1,000 ಕಿ.ಮೀ. ನಡುವೆ ಒಮ್ಮೆ, ಮಳೆಯಲ್ಲಿ ಓಡಿಸಿದ ಮೇಲೆ ಕಡ್ಡಾಯವಾಗಿ ಒಮ್ಮೆ.

ಚಿಮ್ಮುವುದು ಜಾಸ್ತಿ ಹಾಕಿದ್ದಕ್ಕೆ, ಅಥವಾ ಹಾಕಿದ ತಕ್ಷಣ ಓಡಿಸಿದ್ದಕ್ಕೆ. ಓಡಿಸಿ ಬಂದ ಮೇಲೆ, ಚೈನ್ ಇನ್ನೂ ಬೆಚ್ಚಗಿರುವಾಗ ಹಾಕಿ. ಕೆಳಗಿನ ಸಾಲಿನ ಒಳಮೈಗೆ, ಪ್ಲೇಟುಗಳ ಸಂದಿನಲ್ಲಿರುವ ರಿಂಗ್‌ಗಳ ಮೇಲೆ ತೆಳ್ಳಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ರಾತ್ರಿ ಹಾಕಿ ಬೆಳಿಗ್ಗೆ ಓಡಿಸಿದರೆ ಇನ್ನೂ ಒಳ್ಳೆಯದು. ಟೈರಿಗೆ, ಡಿಸ್ಕಿಗೆ ತಾಗದಂತೆ ನೋಡಿಕೊಳ್ಳಿ.

ತೊಳೆಯಲು ಸೀಮೆಎಣ್ಣೆ, ಮೆತ್ತನೆಯ ಬ್ರಷ್. ಪೆಟ್ರೋಲ್ ಬೇಡ, ತಂತಿ ಬ್ರಷ್ ಬೇಡ, ಜೋರು ನೀರಿನ ಪ್ರೆಶರ್ ಬೇಡ, ಮೂರೂ ರಿಂಗ್‌ಗಳನ್ನು ಹಾಳು ಮಾಡುತ್ತವೆ.

ಇದೊಂದು ಮಾತ್ರ ಕಿವಿಗೊಟ್ಟು ಕೇಳಿ. ಗಾಡಿ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ಚಕ್ರ ತಾನಾಗಿ ತಿರುಗುತ್ತಿರುವಾಗ ಬಟ್ಟೆ ಹಿಡಿದು ಚೈನ್ ಒರೆಸುವವರಿದ್ದಾರೆ. ಬಟ್ಟೆ ಸಿಕ್ಕಿಕೊಂಡರೆ ಬೆರಳೂ ಅದರ ಜೊತೆ ಹೋಗುತ್ತದೆ. ಎಂಜಿನ್ ಆಫ್, ನ್ಯೂಟ್ರಲ್, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಬೇಸರ ಅನಿಸಿದರೂ ಹಾಗೇ ಮಾಡಿ.

ಪ್ರಶ್ನೆ: ಎಫ್‌ಝೆಡ್6ಗೆ ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಡಿಮೆ ಹಾಕಿದರೆ ಪಿಕಪ್ ಜಾಸ್ತಿ ಆಗುತ್ತಾ?

ಉತ್ತರ: ಆಗುತ್ತದೆ. ಕಂಪನಿಯದು ಮುಂದೆ 16, ಹಿಂದೆ 46 ಹಲ್ಲು. ಅನುಪಾತ 2.875. ಮುಂದೆ 15 ಹಾಕಿದರೆ 3.067, ಅಂದರೆ ಎಲ್ಲ ಗೇರಿನಲ್ಲೂ ಚಕ್ರಕ್ಕೆ ಸುಮಾರು 6.7 ಶೇಕಡಾ ಹೆಚ್ಚು ಎಳೆತ. ಎಂಜಿನ್ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ, ಅದೇ ವೇಗಕ್ಕೆ ಆರ್‌ಪಿಎಂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಬದುಕುವ ಎಂಜಿನ್ನಿಗೆ ಟ್ರಾಫಿಕ್ಕಿನಲ್ಲಿ ಇದು ನಿಜಕ್ಕೂ ಒಪ್ಪುತ್ತದೆ. ಈ ಗಾಡಿಯಲ್ಲಿ ವೇಗದ ಸೆನ್ಸರ್ ಗೇರ್ ಬಾಕ್ಸ್ ಕಡೆ ಇರುವುದರಿಂದ ಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ, ಅದು ಗೊತ್ತಿರಲಿ. ಚಿಕ್ಕ ಸ್ಪ್ರಾಕೆಟ್ ಸುತ್ತ ಚೈನ್ ಹೆಚ್ಚು ಬಾಗುವುದರಿಂದ ಸವೆತವೂ ಬೇಗ. ಸವೆದ ಚೈನಿನ ಮೇಲೆ ಇದನ್ನು ಮಾಡಲೇಬೇಡಿ, ಸೆಟ್ ಬದಲಿಸುವ ದಿನ ಬಂದಾಗ ಮಾಡಿ.

ಆಗ ಚೈನಿನ ಎರಡು ತುದಿ ಸೇರಿಸುವ ಕೊಂಡಿಯಾಗಿ, ಕ್ಲಿಪ್ ಲಿಂಕ್ ಬದಲು ರಿವೆಟ್ ಲಿಂಕನ್ನೇ ಕೇಳಿ ಹಾಕಿಸಿ, ಈ ಗಾತ್ರದ ಎಂಜಿನ್ನಿಗೆ ಅದೇ ಸರಿ. ಆಕ್ಸಲ್ ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿದ ಮೇಲೆ ಸಡಿಲವನ್ನು ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಆಕ್ಸಲ್ ಸ್ವಲ್ಪ ಸರಿದು ಅಳತೆ ಬದಲಾಗಿರುತ್ತದೆ. ಸ್ಪ್ಲಿಟ್ ಪಿನ್ ಇರುವ ಗಾಡಿಯಾದರೆ ಪ್ರತಿ ಸಲ ಹೊಸ ಪಿನ್ ಹಾಕಿಸಿ.